ಫೋರೆನ್ಸಿಕ್ ಸೈನ್ಸ್ ಓದಬೇಕು ಅಂತಿದ್ದೀರಾ? ಕಾಲೇಜಿನ ಬಾಗಿಲಿನಿಂದ ಕೋರ್ಟಿನ ಕಟಕಟೆವರೆಗೆ

"ಫೋರೆನ್ಸಿಕ್ ಓದಬೇಕು, ಯಾವ ಕೋರ್ಸ್ ಸೇರಲಿ?" ಎಂದು ಯಾರಾದರೂ ಕೇಳಿದರೆ ನಾನು ಮರುಪ್ರಶ್ನೆ ಹಾಕುತ್ತೇನೆ. ಯಾವ ಫೋರೆನ್ಸಿಕ್? ಹೆಚ್ಚಿನವರು ಅಲ್ಲೇ ತಡವರಿಸುತ್ತಾರೆ. ಅವರ ತಪ್ಪೇನಿಲ್ಲ ಬಿಡಿ. ಧಾರಾವಾಹಿಗಳಲ್ಲಿ ಒಬ್ಬನೇ ಮನುಷ್ಯ ಘಟನಾ ಸ್ಥಳಕ್ಕೆ ಹೋಗಿ, ರಕ್ತದ ಮಾದರಿ ತಂದು, ಡಿಎನ್‌ಎ ತೆಗೆದು, ಮೊಬೈಲ್ ಬಿಚ್ಚಿ ನೋಡಿ, ಕೊನೆಗೆ ಆರೋಪಿಯನ್ನೂ ತಾನೇ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾನೆ. ನಿಜದಲ್ಲಿ ಇದು ನಾಲ್ಕೈದು ಜನರ ನಾಲ್ಕೈದು ಬೇರೆ ಬೇರೆ ಕಸುಬು. ಲ್ಯಾಬಿನಲ್ಲಿ ಕೂತವರಿಗಂತೂ ಆರೋಪಿಯನ್ನು ಹಿಡಿಯುವ ಕೆಲಸವೇ ಇಲ್ಲ.

ಹಾಗಾದರೆ ಕೆಲಸ ಏನು? ಎದುರಿಗಿರುವ ವಸ್ತು ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳುವುದು. ಗುಲಗಂಜಿ ತೂಕದಷ್ಟೂ ಜಾಸ್ತಿ ಹೇಳಬಾರದು, ಕಮ್ಮಿಯೂ ಹೇಳಬಾರದು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್‌ಎ ಮೂಲಕ ವ್ಯಕ್ತಿಯನ್ನು ಗುರುತಿಸುವ ವಿಧಾನ ಕಂಡುಹಿಡಿದರು. ಎರಡು ವರ್ಷದ ನಂತರ ಅದೇ ಭಾಗದ ಎರಡು ಕೊಲೆಗಳ ಪ್ರಕರಣದಲ್ಲಿ ಪೊಲೀಸರು ಅದನ್ನು ಬಳಸಿದಾಗ ಮೊದಲು ಆಗಿದ್ದೇನು ಗೊತ್ತಾ? ಒಂದು ಕೊಲೆಯನ್ನು ನಾನೇ ಮಾಡಿದ್ದು ಎಂದು ಒಪ್ಪಿಕೊಂಡಿದ್ದ ಹುಡುಗ ನಿರಪರಾಧಿ ಎಂದು ತಿಳಿಯಿತು! ನಿಜವಾದ ಅಪರಾಧಿಗೆ ಶಿಕ್ಷೆಯಾದದ್ದು ಆಮೇಲೆ, 1988ರಲ್ಲಿ. ಈ ಕಥೆ ಕೇಳಿ ನಿಮಗೆ "ಅಯ್ಯೋ, ಹಿಡಿದವನು ಕೈತಪ್ಪಿದನಲ್ಲ" ಅನ್ನಿಸಿದರೆ ಪೊಲೀಸ್ ಕೆಲಸ ನೋಡಿ. "ಅಬ್ಬಾ, ಸದ್ಯ ಉಳಿದ" ಅನ್ನಿಸಿದರೆ ಮುಂದೆ ಓದಿ.

ಹೆಜ್ಜೆ 1: ಮೊದಲು ಬಾಗಿಲು ಆರಿಸಿಕೊಳ್ಳಿ

ಇದಕ್ಕೆ ಬಾಗಿಲುಗಳು ಹಲವು, ಒಂದರ ಬೀಗದ ಕೈ ಇನ್ನೊಂದಕ್ಕೆ ಆಗುವುದಿಲ್ಲ. ಪದವಿ ಸೇರಿದ ಮೇಲೆ ಬಾಗಿಲು ಬದಲಿಸುವುದು ದುಬಾರಿ. ಅದಕ್ಕೇ ಈ ಹೆಜ್ಜೆಗೆ ಒಂದೆರಡು ತಿಂಗಳು ಕೊಟ್ಟರೂ ನಷ್ಟವಿಲ್ಲ.

ಎಲ್ಲಕ್ಕಿಂತ ದೊಡ್ಡ ಬಾಗಿಲು ರಸಾಯನಶಾಸ್ತ್ರದ್ದು. ಮಾದಕ ವಸ್ತು, ವಿಷ, ಬೆಂಕಿ ಹಚ್ಚಲು ಸುರಿದ ಪೆಟ್ರೋಲು, ಸ್ಫೋಟಕ, ಕಾರಿನಿಂದ ಉದುರಿದ ಬಣ್ಣದ ಚೂರು, ಗಾಜು ಎಲ್ಲ ಇಲ್ಲಿಗೆ ಬರುತ್ತವೆ. ಗುಂಡು ಹಾರಿಸಿದ ಕೈಯ ಮೇಲಿನ ಕಣಗಳೂ ಅಷ್ಟೆ. ಸೀಸ, ಬೇರಿಯಂ, ಆಂಟಿಮನಿ ಈ ಮೂರೂ ಒಂದೇ ಕಣದಲ್ಲಿ ಸೇರಿವೆಯೇ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ದಿನದ ಬಹುಪಾಲು ಗ್ಯಾಸ್ ಕ್ರೊಮ್ಯಾಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೀಟರ್ ಮುಂದೆ ಕಳೆಯುತ್ತದೆ. ಮೊದಲನೆಯದು ಬೆರೆತ ವಸ್ತುಗಳನ್ನು ಬೇರ್ಪಡಿಸುತ್ತದೆ, ಎರಡನೆಯದು ಅವು ಏನೆಂದು ಗುರುತಿಸುತ್ತದೆ. ರಕ್ತ, ಮೂತ್ರ, ಯಕೃತ್ತು, ಕಣ್ಣಿನೊಳಗಿನ ದ್ರವ, ಕೂದಲು ಇವುಗಳಲ್ಲಿ ವಿಷ ಹುಡುಕುವ ಟಾಕ್ಸಿಕಾಲಜಿಯೂ ಇದೇ ಮನೆಯ ಇನ್ನೊಂದು ಕೋಣೆ. ಆದರೆ ಅದಕ್ಕೆ ಔಷಧ ದೇಹದಲ್ಲಿ ಹೇಗೆ ಹರಡುತ್ತದೆ ಎಂಬುದೂ ಗೊತ್ತಿರಬೇಕು. ಸತ್ತ ಮೇಲೆ ಕೆಲವು ಔಷಧಗಳು ಅಂಗಾಂಗಗಳಿಂದ ಮತ್ತೆ ರಕ್ತಕ್ಕೆ ಇಳಿಯುತ್ತವೆ. ಹಾಗಾಗಿ ಹೃದಯದ ರಕ್ತದಲ್ಲಿ ಸಿಕ್ಕ ಅಂಕಿಯನ್ನು ಹಾಗೇ ನಂಬುವಂತಿಲ್ಲ.

ಎರಡನೆಯದು ಜೀವಶಾಸ್ತ್ರದ ಬಾಗಿಲು, ಅಂದರೆ ರಕ್ತ, ವೀರ್ಯ, ಜೊಲ್ಲು, ಡಿಎನ್‌ಎ. ಪೈಪೆಟ್ ಹಿಡಿದು ಸಣ್ಣ ಸಣ್ಣ ಟ್ಯೂಬುಗಳಿಗೆ ಮೈಕ್ರೋಲೀಟರ್ ಲೆಕ್ಕದಲ್ಲಿ ದ್ರವ ಹಾಕುವ ಕೆಲಸ. ಈಗೀಗ ಅದರಲ್ಲಿ ಅರ್ಧವನ್ನು ಯಂತ್ರವೇ ಮಾಡುತ್ತದೆ. ಮನುಷ್ಯರಿಗೆ ಉಳಿದಿರುವುದು ಕಷ್ಟದ ಭಾಗ. ಮೂರು ನಾಲ್ಕು ಜನರ ಡಿಎನ್‌ಎ ಒಂದರೊಳಗೊಂದು ಬೆರೆತ ಮಾದರಿಯನ್ನು ಓದಿ ಅರ್ಥ ಮಾಡಿಕೊಳ್ಳುವುದು.

ಬೆರಳಚ್ಚು, ಕೈಬರಹ ಮತ್ತು ದಾಖಲೆ, ಬಂದೂಕು ಮತ್ತು ಗುಂಡು. ಇವು ಕಣ್ಣು ಪಳಗಿಸುವ ಕಸುಬುಗಳು. ಪದವಿ ಬೇಕು, ಆದರೆ ವಿದ್ಯೆ ಬರುವುದು ಹಿರಿಯರ ಪಕ್ಕ ಕೂತು. ಬೆರಳಚ್ಚನ್ನು ವಿಂಗಡಿಸಿ ಜೋಡಿಸಿಡುವ ಪದ್ಧತಿಗೆ ಹೆನ್ರಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿದೆ. ಅದರ ಲೆಕ್ಕಾಚಾರ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರ್‌ಗಳು. 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ಕಚೇರಿ ಅವರ ದುಡಿಮೆಯ ಮೇಲೆ ನಿಂತಿತ್ತು. ಹೆಸರು ಮಾತ್ರ ಸಾಹೇಬರದ್ದೇ ಉಳಿಯಿತು.

ಡಿಜಿಟಲ್ ಫೋರೆನ್ಸಿಕ್‌ಗೆ ಕಂಪ್ಯೂಟರ್ ಸೈನ್ಸ್ ಹಿನ್ನೆಲೆ ಬೇಕು. ಈಗ ಮೊಬೈಲ್ ಇಲ್ಲದ ಪ್ರಕರಣವೇ ಅಪರೂಪ. ಹಾಗಾಗಿ ಈ ವಿಭಾಗದಲ್ಲಿ ಕೆಲಸ ಸದಾ ಬಾಕಿ ಬಿದ್ದಿರುತ್ತದೆ.

ಜನ ಅತಿ ಹೆಚ್ಚು ತಪ್ಪು ತಿಳಿದುಕೊಳ್ಳುವುದು ಮರಣೋತ್ತರ ಪರೀಕ್ಷೆಯ ವಿಷಯದಲ್ಲಿ. ಫೋರೆನ್ಸಿಕ್ ಸೈನ್ಸ್ ಪದವಿ ಮಾಡಿ ನೀವು ಶವಪರೀಕ್ಷೆ ಮಾಡುವಂತಿಲ್ಲ. ಅದು ಡಾಕ್ಟರ ಕೆಲಸ. ಮೊದಲು ವೈದ್ಯಕೀಯ ಪದವಿ, ಆಮೇಲೆ ಪೆಥಾಲಜಿ ಅಥವಾ ಫೋರೆನ್ಸಿಕ್ ಮೆಡಿಸಿನ್‌ನಲ್ಲಿ ತಜ್ಞ ತರಬೇತಿ. ಒಟ್ಟು ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಇದು ಗೊತ್ತಿಲ್ಲದೆ ಕೋರ್ಸ್ ಸೇರಿ, ಎರಡನೇ ವರ್ಷದಲ್ಲಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ.

ಇನ್ನು ಮೂಳೆ ನೋಡುವ ಮಾನವಶಾಸ್ತ್ರಜ್ಞರು, ಹಲ್ಲು ನೋಡುವ ದಂತವೈದ್ಯರು, ಶವದ ಮೇಲಿನ ನೊಣದ ಮರಿಹುಳು ನೋಡಿ ಸತ್ತು ಎಷ್ಟು ದಿನವಾಯಿತು ಎಂದು ಅಂದಾಜಿಸುವ ಕೀಟಶಾಸ್ತ್ರಜ್ಞರು ಇದ್ದಾರೆ. ಓದಲು ಬಹಳ ರುಚಿಯಾದ ವಿಷಯಗಳು. ಆದರೆ ಪೂರ್ಣಾವಧಿ ಹುದ್ದೆಗಳು ಬೆರಳೆಣಿಕೆಯಷ್ಟು. ಹೆಚ್ಚಿನವರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ, ಪ್ರಕರಣ ಬಂದಾಗ ಕರೆ ಬರುತ್ತದೆ.

ಘಟನಾ ಸ್ಥಳದ ಕೆಲಸವೇ ಬೇಕು ಅನ್ನುವವರು ಒಂದು ವಿಷಯ ವಿಚಾರಿಸಿಕೊಳ್ಳಿ. ಕೆಲವು ದೇಶಗಳಲ್ಲಿ ಅದನ್ನು ಪೊಲೀಸರೇ ಮಾಡುತ್ತಾರೆ, ಕೆಲವು ಕಡೆ ಪೊಲೀಸರಲ್ಲದ ನೌಕರರು ಮಾಡುತ್ತಾರೆ. ಮೊದಲ ಕಡೆಯಾದರೆ ನಿಮ್ಮ ದಾರಿ ಪೊಲೀಸ್ ನೇಮಕಾತಿಯ ಮೂಲಕವೇ ಹೋಗುತ್ತದೆ.

ಆರಿಸುವುದು ಹೇಗೆ? ಯಾವುದು ರೋಚಕ ಎಂದು ನೋಡಬೇಡಿ, ಎಲ್ಲವೂ ರೋಚಕವೇ. ಯಾವ ಬೇಸರದ ಕೆಲಸ ನಿಮಗೆ ಬೇಸರ ತರುವುದಿಲ್ಲ ಎಂದು ನೋಡಿ. ಒಂದೇ ಬಗೆಯ ಪುಡಿಯ ನೂರು ಪೊಟ್ಟಣ ತೂಗಿ ಬರೆಯಬಲ್ಲಿರಾ? ದಿನವಿಡೀ ಎರಡು ಬೆರಳಚ್ಚಿನ ಗೆರೆಗಳನ್ನು ಹೋಲಿಸುತ್ತಾ ಕೂರಬಲ್ಲಿರಾ? ಯಾರದೋ ಫೋನಿನ ಸಾವಿರಾರು ಮೆಸೇಜ್ ಓದಬಲ್ಲಿರಾ? ನಿಮ್ಮ ಬಾಗಿಲು ಅಲ್ಲೇ ಎಲ್ಲೋ ಇದೆ.

ಹೆಜ್ಜೆ 2: ಪದವಿಯ ಹೆಸರು ಬಿಡಿ, ಒಳಗಿನ ಪಾಠ ನೋಡಿ

ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಕಾಲೇಜುಗಳ ಜಾಹೀರಾತು ನೋಡುವ ಮೊದಲು ಕೆಲಸದ ಜಾಹೀರಾತು ನೋಡಿ. ನೀವು ಕೆಲಸ ಮಾಡಬೇಕೆಂದಿರುವ ಊರಿನ, ದೇಶದ ಲ್ಯಾಬುಗಳು ಇತ್ತೀಚೆಗೆ ಕರೆದ ಹುದ್ದೆಗಳನ್ನು ಹತ್ತಿಪ್ಪತ್ತು ಓದಿ. ಅರ್ಹತೆ ಎಂಬ ಸಾಲಿನಲ್ಲಿ ಏನು ಬರೆದಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಹಳಷ್ಟು ಕಡೆ "ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಫೋರೆನ್ಸಿಕ್ ಸೈನ್ಸ್" ಎಂದಿರುತ್ತದೆ. ಕೆಲವು ಕಡೆ ಬರೀ ಫೋರೆನ್ಸಿಕ್ ಪದವಿ ಇದ್ದರೆ ಅರ್ಜಿಯೇ ನಡೆಯುವುದಿಲ್ಲ. ಇದು ಮೂರು ವರ್ಷ ಓದಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ಅಮೆರಿಕದ ಡಿಎನ್‌ಎ ಲ್ಯಾಬುಗಳಿಗೆ ಎಫ್‌ಬಿಐ ಹೊರಡಿಸಿದ ಗುಣಮಟ್ಟದ ನಿಯಮಗಳಿವೆ. ವಿಶ್ಲೇಷಕರಾಗುವವರು ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮಾಲಿಕ್ಯುಲರ್ ಬಯಾಲಜಿ ಓದಿರಲೇಬೇಕು. ಜೊತೆಗೆ ಸಂಖ್ಯಾಶಾಸ್ತ್ರ ಅಥವಾ ಪಾಪ್ಯುಲೇಶನ್ ಜೆನೆಟಿಕ್ಸ್ (ಜನಸಮೂಹದಲ್ಲಿ ಯಾವ ವಂಶವಾಹಿ ಎಷ್ಟು ಸಾಮಾನ್ಯ ಎಂಬ ಅಧ್ಯಯನ) ಕೂಡ. ನಿಮ್ಮ ಪದವಿ ಪತ್ರದ ಮೇಲೆ ಎಷ್ಟೇ ಅಂದವಾದ ಹೆಸರಿರಲಿ, ಅಂಕಪಟ್ಟಿಯಲ್ಲಿ ಈ ವಿಷಯಗಳು ಕಾಣದಿದ್ದರೆ ಕೆಲಸ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರ. ಮೊದಲು ಗಟ್ಟಿಯಾದ ಮೂಲ ವಿಜ್ಞಾನದಲ್ಲಿ ಪದವಿ, ಆಮೇಲೆ ಫೋರೆನ್ಸಿಕ್‌ನಲ್ಲಿ ಮಾಸ್ಟರ್ಸ್. ಇದಕ್ಕೆ ಇನ್ನೊಂದು ಕಾರಣವೂ ಇದೆ. ಫೋರೆನ್ಸಿಕ್ ಹುದ್ದೆಗಳು ಓದಿದವರ ಸಂಖ್ಯೆಗೆ ಹೋಲಿಸಿದರೆ ಕಮ್ಮಿ, ನೇಮಕಾತಿ ನಿಧಾನ. ಕೆಮಿಸ್ಟ್ರಿ ಓದಿದವರು ಅಲ್ಲಿವರೆಗೆ ಔಷಧ ಕಂಪನಿಯಲ್ಲೋ ನೀರು ಪರೀಕ್ಷಿಸುವ ಲ್ಯಾಬಿನಲ್ಲೋ ಕೆಲಸ ಮಾಡಬಹುದು, ಆ ಅನುಭವವೇ ಮುಂದೆ ಕೈಹಿಡಿಯುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ಒಳ್ಳೆಯ ಫೋರೆನ್ಸಿಕ್ ಪದವಿಯಲ್ಲಿ ಕಾನೂನು, ಸಾಕ್ಷ್ಯ ನಿರ್ವಹಣೆ, ಕೋರ್ಟಿನ ಅಭ್ಯಾಸ ಮೊದಲ ವರ್ಷದಿಂದಲೇ ಸಿಗುತ್ತದೆ ಎನ್ನುತ್ತಾರೆ. ಅದೂ ನಿಜವೇ. ಆದರೆ "ಒಳ್ಳೆಯ" ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಒಳ್ಳೆಯದೋ ಅಲ್ಲವೋ ತಿಳಿಯುವುದು ಹೇಗೆ? ಅಮೆರಿಕದಲ್ಲಿ ಫೆಪ್ಯಾಕ್ ಎಂಬ ಆಯೋಗ, ಬ್ರಿಟನ್ನಿನಲ್ಲಿ ಚಾರ್ಟರ್ಡ್ ಸೊಸೈಟಿ ಆಫ್ ಫೋರೆನ್ಸಿಕ್ ಸೈನ್ಸಸ್ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತವೆ. ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾಲಯದಲ್ಲಿ 1909ರಿಂದಲೇ ಇದರ ಪಾಠ ನಡೆಯುತ್ತಿದೆ. ಭಾರತದಲ್ಲಿ ಇದಕ್ಕೆಂದೇ ಸಂಸತ್ತಿನ ಕಾಯ್ದೆಯ ಮೂಲಕ 2020ರಲ್ಲಿ ರಾಷ್ಟ್ರೀಯ ಫೋರೆನ್ಸಿಕ್ ಸೈನ್ಸಸ್ ವಿಶ್ವವಿದ್ಯಾಲಯ ಆಗಿದೆ. ಹೆಸರು ದೊಡ್ಡದಿರಲಿ ಚಿಕ್ಕದಿರಲಿ, ಸೇರುವ ಮೊದಲು ಕೆಲವು ಪ್ರಶ್ನೆ ಕೇಳಿ. ಮಾಸ್ ಸ್ಪೆಕ್ಟ್ರೋಮೀಟರ್ ಇದೆಯಾ, ಇದ್ದರೆ ವಿದ್ಯಾರ್ಥಿಗಳು ಅದನ್ನು ಮುಟ್ಟುತ್ತಾರಾ ಅಥವಾ ಗಾಜಿನಾಚೆಯಿಂದ ನೋಡುತ್ತಾರಾ? ಪಾಠ ಮಾಡುವವರಲ್ಲಿ ನಿಜವಾದ ಪ್ರಕರಣಗಳಲ್ಲಿ ಕೆಲಸ ಮಾಡಿದವರು ಎಷ್ಟು ಜನ? ಹೋದ ಮೂರು ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಗೊಣಗುಟ್ಟುತ್ತಾ ಬಂದರೆ ಆ ಕಾಲೇಜು ಬಿಡಿ.

ಹೆಜ್ಜೆ 3: ಸಂಖ್ಯಾಶಾಸ್ತ್ರದಿಂದ ತಪ್ಪಿಸಿಕೊಳ್ಳಬೇಡಿ

ಗಣಿತಕ್ಕೆ ಹೆದರಿ ಬಯಾಲಜಿ ತಗೊಂಡವರೇ ಜಾಸ್ತಿ, ಗೊತ್ತು. ಆದರೂ ಕೇಳಿ.

1999ರಲ್ಲಿ ಇಂಗ್ಲೆಂಡಿನಲ್ಲಿ ತಾಯಿಯೊಬ್ಬಳಿಗೆ ತನ್ನ ಎರಡು ಹಸುಗೂಸುಗಳನ್ನು ಕೊಂದಳೆಂದು ಶಿಕ್ಷೆಯಾಯಿತು. ಕೋರ್ಟಿಗೆ ಬಂದ ತಜ್ಞರು ಹೇಳಿದ ಲೆಕ್ಕ ಇಷ್ಟು. ಅಂಥ ಮನೆಯಲ್ಲಿ ಕೂಸು ಕಾರಣ ತಿಳಿಯದೆ ತೊಟ್ಟಿಲಲ್ಲೇ ಸಾಯುವ ಸಂಭವ 8,543ರಲ್ಲಿ ಒಂದು. ಎರಡು ಸಲ ಹಾಗಾಗುವುದು ಎಂದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 7.3 ಕೋಟಿಯಲ್ಲಿ ಒಂದು. ಕೇಳಿದವರಿಗೆ ಎದೆ ಝಲ್ಲೆನ್ನುವ ಅಂಕಿ. ಅದರಲ್ಲಿ ಎರಡು ತಪ್ಪಿತ್ತು. ಒಂದೇ ಮನೆಯ, ಒಂದೇ ರಕ್ತದ ಎರಡು ಕೂಸುಗಳ ಸಾವು ಒಂದಕ್ಕೊಂದು ಸಂಬಂಧವಿಲ್ಲದ್ದು ಎಂದುಕೊಂಡರಷ್ಟೇ ಹಾಗೆ ಗುಣಿಸಬಹುದು. ಎರಡನೆಯದು ಇನ್ನೂ ಸೂಕ್ಷ್ಮ. "ಹೀಗಾಗುವುದು ಅಪರೂಪ" ಎಂಬ ಮಾತು "ಇವಳು ನಿರಪರಾಧಿ ಆಗಿರುವ ಸಂಭವ ಅಷ್ಟೇ ಕಮ್ಮಿ" ಎಂದು ಕಿವಿಗೆ ಬಿದ್ದುಬಿಟ್ಟಿತು. ಒಬ್ಬ ತಾಯಿ ಎರಡು ಕೂಸು ಕೊಲ್ಲುವುದೂ ಅಪರೂಪವೇ ಅಲ್ಲವೇ? ಎರಡು ಅಪರೂಪಗಳನ್ನು ಪಕ್ಕಪಕ್ಕ ಇಟ್ಟು ತೂಗಬೇಕಿತ್ತು. 2001ರಲ್ಲಿ ಬ್ರಿಟನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪ ಎತ್ತಿತು. ಆಕೆ ಹೊರಬಂದದ್ದು 2003ರಲ್ಲಿ. ಅಲ್ಲಿಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದಳು.

ಈ ತಪ್ಪನ್ನು ಮಾಡದಿರಲು ಬೇಕಾದಷ್ಟು ಗಣಿತ ಏನೂ ಭಾರಿಯಲ್ಲ. ಸಂಭವನೀಯತೆ, ಷರತ್ತಿನ ಸಂಭವನೀಯತೆ, ಹೊಸ ಸಾಕ್ಷ್ಯ ಬಂದಾಗ ಸಂಭವವನ್ನು ತಿದ್ದುವ ಬೇಯ್ಸ್ ಪ್ರಮೇಯ, ಎರಡು ವಿವರಣೆಗಳಲ್ಲಿ ಒಂದನ್ನು ಸಾಕ್ಷ್ಯ ಎಷ್ಟು ಪಟ್ಟು ಹೆಚ್ಚು ಬೆಂಬಲಿಸುತ್ತದೆ ಎಂದು ಹೇಳುವ ಲೈಕ್ಲಿಹುಡ್ ರೇಶಿಯೊ. ಅಳತೆಯಲ್ಲಿ ಆಗುವ ಅನಿಶ್ಚಿತತೆಯನ್ನು ಲೆಕ್ಕ ಹಾಕುವ ವಿಧಾನ. ಪದವಿಯಲ್ಲಿ ಇದು ಐಚ್ಛಿಕ ವಿಷಯವಾಗಿದ್ದರೂ ತೆಗೆದುಕೊಳ್ಳಿ. ಇವತ್ತಿನ ಡಿಎನ್‌ಎ ವರದಿಗಳು ಬರುವುದೇ ಲೈಕ್ಲಿಹುಡ್ ರೇಶಿಯೊ ಭಾಷೆಯಲ್ಲಿ.

ಹೆಜ್ಜೆ 4: ಕಂಡದ್ದನ್ನು ಬರೆಯುವ ಅಭ್ಯಾಸ

ಇದನ್ನು ಯಾವ ಕಾಲೇಜೂ ಸರಿಯಾಗಿ ಕಲಿಸುವುದಿಲ್ಲ, ಕೆಲಸದಲ್ಲಿ ಮಾತ್ರ ದಿನವೂ ಬೇಕು. ಇವತ್ತೇ ಶುರು ಮಾಡಬಹುದು.

ಒಂದು ಹಳೆ ಅಂಗಿ ತಗೊಳ್ಳಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಅದರ ಮೇಲಿಡಿ. ಈಗ ಅದನ್ನು ನೋಡದವರಿಗೆ ಅರ್ಥವಾಗುವಂತೆ ಬರೆಯಿರಿ. ಬಣ್ಣ, ಅಳತೆ, ಗುಂಡಿ ಎಷ್ಟು, ಯಾವುದು ಕಿತ್ತಿದೆ, ಕಲೆ ಎಲ್ಲಿದೆ, ಕಾಲರಿನಿಂದ ಎಷ್ಟು ಸೆಂಟಿಮೀಟರ್. ಕೆಂಪು ಕಲೆ ಇದ್ದರೆ "ರಕ್ತದ ಕಲೆ" ಎಂದು ಬರೆಯಬೇಡಿ. "ಕೆಂಪು ಮಿಶ್ರಿತ ಕಂದು ಕಲೆ" ಎಂದು ಬರೆಯಿರಿ. ಅದು ರಕ್ತವೋ ಅಲ್ಲವೋ ಪರೀಕ್ಷೆ ಹೇಳಬೇಕು. ಮೊದಲ ಪರೀಕ್ಷೆಯಲ್ಲಿ ಬಣ್ಣ ಬಂತು ಎಂದರೂ ಮುಗಿಯಲಿಲ್ಲ. ರಕ್ತ ತಗುಲಿದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಲ್ಯೂಮಿನಾಲ್ ಎಂಬ ರಾಸಾಯನಿಕ ಬ್ಲೀಚಿಗೂ ಹೊಳೆಯುತ್ತದೆ, ತಾಮ್ರಕ್ಕೂ ಹೊಳೆಯುತ್ತದೆ. ಅದಕ್ಕೇ ಅಂಥವನ್ನು ಶಂಕೆ ಮೂಡಿಸುವ ಪರೀಕ್ಷೆ ಎಂದು ಕರೆದು, ಖಚಿತಪಡಿಸುವ ಪರೀಕ್ಷೆಯನ್ನು ಬೇರೆಯಾಗಿ ಮಾಡುತ್ತಾರೆ.

ಬರೆದದ್ದನ್ನು ಸ್ನೇಹಿತರಿಗೆ ಕೊಟ್ಟು, ಅಂಗಿ ನೋಡದೆ ಚಿತ್ರ ಬರೆಯಲು ಹೇಳಿ. ಅವರು ಕಲೆಯನ್ನು ತಪ್ಪು ಬದಿಗೆ ಬರೆದರೆ, "ಎಡ" ಎಂದರೆ ಧರಿಸಿದವರ ಎಡವೋ ನೋಡುವವರ ಎಡವೋ ಎಂದು ನೀವು ಬರೆದಿಲ್ಲ ಎಂದರ್ಥ. ನಾನೂ ಇದೇ ತಪ್ಪು ಮಾಡಿದ್ದೆ. ಬರೆಯುವಾಗ ತಪ್ಪಾದರೆ ಅಳಿಸಬೇಡಿ, ವೈಟ್ನರ್ ಬೇಡವೇ ಬೇಡ. ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ, ಸಹಿ ಮತ್ತು ತಾರೀಖು ಹಾಕಿ. ಲ್ಯಾಬಿನಲ್ಲಿ ತಪ್ಪು ಕಾಣುವಂತೆ ಇರುವುದೇ ಕ್ರಮ.

ಹೆಜ್ಜೆ 5: ಓದುತ್ತಿರುವಾಗಲೇ ಕೈ ಪಳಗಿಸಿ

ಡಿಜಿಟಲ್ ಕಡೆಯವರ ಅದೃಷ್ಟ ಚೆನ್ನಾಗಿದೆ. ಮನೆಯ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದು. ಡಿಸ್ಕಿನೊಳಗೆ ಏನಿದೆ, ಏನು ಅಳಿಸಿದ್ದಾರೆ ಎಂದು ಹುಡುಕುವ ಆಟಾಪ್ಸಿ ಎಂಬ ತಂತ್ರಾಂಶ ಉಚಿತ. ಎಫ್‌ಟಿಕೆ ಇಮೇಜರ್ ಎಂಬ, ಡಿಸ್ಕಿನ ಪ್ರತಿ ತೆಗೆಯುವ ತಂತ್ರಾಂಶ ಕೂಡ ಉಚಿತವಾಗಿ ಸಿಗುತ್ತದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ ಅಭ್ಯಾಸಕ್ಕೆಂದೇ ಡಿಸ್ಕ್ ಇಮೇಜುಗಳನ್ನು, ಅಂದರೆ ಡಿಸ್ಕಿನ ಯಥಾವತ್ ಪ್ರತಿಗಳನ್ನು, ಸಾರ್ವಜನಿಕವಾಗಿ ಇಟ್ಟಿದೆ. ಒಂದು ಹಳೆ ಪೆನ್‌ಡ್ರೈವಿನಿಂದ ಶುರು ಮಾಡಿ. ಕೆಲವು ಫೋಟೊ ಹಾಕಿ, ಅಳಿಸಿ, ಡ್ರೈವಿನ ಪ್ರತಿ ತೆಗೆದು, ಅಳಿಸಿದ್ದನ್ನು ಆ ಪ್ರತಿಯಿಂದ ಹುಡುಕಿ. ಮೂಲ ಡ್ರೈವ್ ಮತ್ತು ಪ್ರತಿ ಎರಡರದ್ದೂ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಹೋಲಿಸಿ. ಹ್ಯಾಶ್ ಎಂದರೆ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ. ಒಂದೇ ಬಂದರೆ ಸರಿ. ಈಗ ಮೂಲ ಡ್ರೈವನ್ನು ಕಂಪ್ಯೂಟರಿಗೆ ಹಾಕಿ ಒಂದು ಫೈಲನ್ನು ತೆರೆದು ಸೇವ್ ಮಾಡಿ, ಮತ್ತೆ ಹ್ಯಾಶ್ ತೆಗೆಯಿರಿ. ಪೂರ್ತಿ ಬದಲಾಗಿರುತ್ತದೆ! ಮೂಲ ಡ್ರೈವಿಗೆ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಯಾಕೆ ಬೇಕು ಎಂದು ಆಗ ಯಾರೂ ಹೇಳಿಕೊಡಬೇಕಿಲ್ಲ.

ಕೆಮಿಸ್ಟ್ರಿಯವರಿಗೆ ಸ್ವಿಗ್‌ಡ್ರಗ್ ಎಂಬ ಗುಂಪು ಮಾದಕ ವಸ್ತುಗಳ ಮಾಸ್ ಸ್ಪೆಕ್ಟ್ರಮ್ ಸಂಗ್ರಹವನ್ನು ಉಚಿತವಾಗಿ ಕೊಡುತ್ತದೆ, ಯಾವ ಪರೀಕ್ಷೆಗೆ ಎಷ್ಟು ತೂಕ ಕೊಡಬೇಕು ಎಂಬ ಶಿಫಾರಸನ್ನೂ ಅದೇ ಗುಂಪು ಪ್ರಕಟಿಸಿದೆ. ಬೆರಳಚ್ಚಿನವರು ತಮ್ಮದೇ ಹತ್ತು ಬೆರಳಿನಿಂದ ಶುರು ಮಾಡಲಿ. ಗೆರೆಗಳ ಕಮಾನು, ಕುಣಿಕೆ, ಸುರುಳಿ ವಿನ್ಯಾಸ ಗುರುತಿಸಿ. ಒಂದೇ ಬೆರಳನ್ನು ಮೆತ್ತಗೆ, ಒತ್ತಿ, ಜಾರಿಸಿ ಹತ್ತು ಸಲ ಒತ್ತಿ ನೋಡಿ. ಒಂದೇ ಬೆರಳು ಹತ್ತು ಬಗೆಯಾಗಿ ಕಾಣುವುದನ್ನು ಕಣ್ಣಾರೆ ನೋಡಿದ ಮೇಲೆ ಬೆರಳಚ್ಚಿನ ಬಗ್ಗೆ ನಿಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ.

ಫೋರೆನ್ಸಿಕ್ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಸಿಗುವುದು ಕಷ್ಟ. ಸಾಕ್ಷ್ಯಗಳಿರುವ ಜಾಗಕ್ಕೆ ಹೊರಗಿನವರನ್ನು ಬಿಡಲು ಅವರಿಗೆ ಅಳುಕು, ಅದು ಸರಿಯೂ ಹೌದು. ಸಿಗದಿದ್ದರೆ ಐಎಸ್‌ಒ 17025 (ಪರೀಕ್ಷಾ ಲ್ಯಾಬುಗಳ ಅಂತರರಾಷ್ಟ್ರೀಯ ಗುಣಮಟ್ಟದ ಮಾನದಂಡ) ಮಾನ್ಯತೆ ಇರುವ ಯಾವುದಾದರೂ ಪರೀಕ್ಷಾ ಲ್ಯಾಬ್ ಹುಡುಕಿ. ನೀರಿನದ್ದಾಗಲಿ, ಆಹಾರದ್ದಾಗಲಿ. ಫೋರೆನ್ಸಿಕ್ ಲ್ಯಾಬುಗಳೂ ನಡೆಯುವುದು ಅದೇ ಮಾನದಂಡದ ಮೇಲೆ. ತಕ್ಕಡಿಯನ್ನು ದಿನವೂ ಪರಿಶೀಲಿಸಿ ಬರೆಯುವುದು, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ತಪ್ಪು ಫಲಿತಾಂಶ ಕೊಟ್ಟರೆ ಇಡೀ ಬ್ಯಾಚಿನ ಫಲಿತಾಂಶ ಎಸೆಯುವುದು, ಇದನ್ನೆಲ್ಲ ಅಲ್ಲಿ ಕಲಿತು ಬಂದವರನ್ನು ಸಂದರ್ಶನದಲ್ಲಿ ತಕ್ಷಣ ಗುರುತಿಸುತ್ತಾರೆ.

ಹೆಜ್ಜೆ 6: ಮಾಸ್ಟರ್ಸ್, ಪಿಎಚ್‌ಡಿ

ಲ್ಯಾಬಿನಲ್ಲಿ ಕೆಲಸ ಬೇಕೆಂದರೆ ಮಾಸ್ಟರ್ಸ್ ಒಳ್ಳೆಯದು, ಕೆಲವು ಕಡೆ ಕಡ್ಡಾಯ. ಪಿಎಚ್‌ಡಿ ಬೇಕಿರುವುದು ಸಂಶೋಧನೆಗೆ, ಬೋಧನೆಗೆ, ಮಾನವಶಾಸ್ತ್ರ ಕೀಟಶಾಸ್ತ್ರದಂಥ ವಿಷಯಗಳಿಗೆ. ಸುಮ್ನೆ ಹೆಸರಿನ ಮುಂದೆ ಡಾಕ್ಟರ್ ಇರಲಿ ಎಂದು ಮಾಡಬೇಡಿ. ಪ್ರಾಜೆಕ್ಟ್ ಆರಿಸುವಾಗ ಮಾತ್ರ ಯೋಚಿಸಿ. ಮಾಸ್ಟರ್ಸ್‌ನಲ್ಲಿ ಯಾವ ಯಂತ್ರದ ಮೇಲೆ ಕೆಲಸ ಮಾಡಿದ್ದೀರೋ, ಮೊದಲ ಕೆಲಸ ಬಹುಮಟ್ಟಿಗೆ ಅದೇ ಯಂತ್ರದ ಮುಂದೆ ಸಿಗುತ್ತದೆ.

ಹೆಜ್ಜೆ 7: ಅರ್ಜಿ ಹಾಕುವಾಗ

ಇಲ್ಲಿ ನಿಮ್ಮ ಅಂಕಗಳಷ್ಟೇ ನಿಮ್ಮ ನಡತೆಯನ್ನೂ ನೋಡುತ್ತಾರೆ. ಪೊಲೀಸ್ ಪರಿಶೀಲನೆ, ಕೆಲವು ದೇಶಗಳಲ್ಲಿ ಮಾದಕ ವಸ್ತು ಪರೀಕ್ಷೆ ಇರುತ್ತದೆ. ಸೋಷಿಯಲ್ ಮೀಡಿಯಾ ಕೆದಕಿ ನೋಡುವುದೂ ಉಂಟು. ಬಣ್ಣಗಳನ್ನು ಗುರುತಿಸುವ ದೃಷ್ಟಿ ಪರೀಕ್ಷೆಯೂ ಇರಬಹುದು.

ರೆಸ್ಯೂಮೆಯಲ್ಲಿ ಒಂದಕ್ಷರ ಸುಳ್ಳು ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡ್ರಗ್ ಲ್ಯಾಬಿನಲ್ಲಿ ಒಬ್ಬ ರಸಾಯನಶಾಸ್ತ್ರಜ್ಞೆ ಇದ್ದಳು. ಎಲ್ಲರಿಗಿಂತ ವೇಗವಾಗಿ ಕೆಲಸ ಮುಗಿಸುತ್ತಿದ್ದಳು. 2012ರಲ್ಲಿ ಗುಟ್ಟು ಬಯಲಾಯಿತು. ಎಷ್ಟೋ ಸ್ಯಾಂಪಲ್‌ಗಳನ್ನು ಪರೀಕ್ಷೆಯನ್ನೇ ಮಾಡದೆ ಫಲಿತಾಂಶ ಬರೆದಿದ್ದಳು. ತನಗೆ ಇಲ್ಲದ ಮಾಸ್ಟರ್ಸ್ ಪದವಿ ಇದೆ ಎಂದೂ ಹೇಳಿಕೊಂಡಿದ್ದಳು. 2017ರಲ್ಲಿ ಅಲ್ಲಿನ ಕೋರ್ಟು 21,000ಕ್ಕೂ ಹೆಚ್ಚು ಪ್ರಕರಣಗಳನ್ನು ರದ್ದು ಮಾಡಬೇಕಾಯಿತು. ಅದರಲ್ಲಿ ನಿಜವಾದ ಅಪರಾಧಿಗಳೂ ಇದ್ದರು, ಸುಮ್ಮಸುಮ್ಮನೆ ಸಿಕ್ಕಿಬಿದ್ದವರೂ ಇದ್ದಿರಬಹುದು. ಯಾರು ಯಾರೆಂದು ಈಗ ಹೇಳುವವರು ಯಾರು?

ಹೆಜ್ಜೆ 8: ಕೆಲಸ ಸಿಕ್ಕ ಮೇಲಿನ ಮೊದಲ ವರ್ಷ

ಮೊದಲ ದಿನವೇ ಪ್ರಕರಣ ಕೊಡುವುದಿಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗೆ ತರಬೇತಿ. ದಪ್ಪದ ಕೈಪಿಡಿ ಓದುವುದು, ಉತ್ತರ ಮೊದಲೇ ಗೊತ್ತಿರುವ ಮಾದರಿಗಳನ್ನು ಪರೀಕ್ಷಿಸುವುದು, ಅಣಕು ವಿಚಾರಣೆ. ಅರ್ಹತಾ ಪರೀಕ್ಷೆ ಪಾಸಾದ ಮೇಲೆ ಸಹಿ ಹಾಕುವ ಅಧಿಕಾರ ಸಿಗುತ್ತದೆ. ಆಮೇಲೂ ಕಾಲಕಾಲಕ್ಕೆ ಪ್ರವೀಣತೆ ಪರೀಕ್ಷೆ ತಪ್ಪಿದ್ದಲ್ಲ.

ಈ ಅವಧಿಯಲ್ಲಿ ಎರಡು ಭಯಗಳನ್ನು ಚೆನ್ನಾಗಿ ಬೆಳೆಸಿಕೊಳ್ಳಿ. ಒಂದು, ಮಾದರಿಗೆ ಬೇರೇನೋ ಬೆರೆತುಬಿಡುವ ಭಯ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳಲ್ಲಿ ಸುಮಾರು 40 ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. ಕೊಲೆಯಲ್ಲೂ ಅವಳೇ, ಕಳ್ಳತನದಲ್ಲೂ ಅವಳೇ. ವರ್ಷಗಟ್ಟಲೆ ಹುಡುಕಿದರು, ಬಹುಮಾನ ಘೋಷಿಸಿದರು. 2009ರಲ್ಲಿ ಗೊತ್ತಾಯಿತು, ಅಂಥ ಹಂತಕಿ ಇರಲೇ ಇಲ್ಲ. ಆ ಡಿಎನ್‌ಎ ಮಾದರಿ ಒರೆಸಿ ತೆಗೆಯುವ ಹತ್ತಿ ಕಡ್ಡಿಯ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳದ್ದು! ಕಡ್ಡಿಗಳು ಸ್ಟೆರೈಲ್ ಆಗಿದ್ದವು. ಆದರೆ ಸ್ಟೆರೈಲ್ ಮಾಡಿದರೆ ಸಾಯುವುದು ಕ್ರಿಮಿ, ಡಿಎನ್‌ಎ ಹೋಗುವುದಿಲ್ಲ. ಡಿಎನ್‌ಎ ಕೆಲಸದ ಸಾಮಾನು ತಯಾರಿಸುವವರಿಗೆಂದೇ ಐಎಸ್‌ಒ 18385 ಮಾನದಂಡ ಬಂದದ್ದು ಆಮೇಲೆ, 2016ರಲ್ಲಿ. ಲ್ಯಾಬಿಗೆ ಸೇರಿದ ಕೂಡಲೇ ನಿಮ್ಮ ಡಿಎನ್‌ಎ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮದೇ ಜೊಲ್ಲು ಮಾದರಿಯಲ್ಲಿ ಸಿಕ್ಕಿದರೆ ಗೊತ್ತಾಗಲಿ ಎಂದು ಕೇಳುತ್ತಾರೆ.

ಎರಡನೆಯದು ನಿಮ್ಮ ತಲೆಯ ಬಗ್ಗೆಯೇ ಭಯ. 2004ರಲ್ಲಿ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಚೀಲವೊಂದರ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ಆರೆಗಾನ್ ರಾಜ್ಯದ ವಕೀಲರೊಬ್ಬರದ್ದು ಎಂದು ಎಫ್‌ಬಿಐ ಪರಿಣತರು ಹೇಳಿದರು. ಒಬ್ಬರಲ್ಲ, ಒಬ್ಬರಾದ ಮೇಲೆ ಒಬ್ಬರು ಹೌದು ಎಂದರು. ಸ್ಪೇನಿನ ಪೊಲೀಸರು ಒಪ್ಪಲಿಲ್ಲ, ಕೊನೆಗೆ ಅದು ಬೇರೊಬ್ಬರದ್ದೆಂದು ತೋರಿಸಿದರು. ಪರಿಣತರು ಮೂರ್ಖರಾಗಿರಲಿಲ್ಲ. ಮೊದಲಿನವರು ಹೌದು ಎಂದಿದ್ದಾರೆ ಎಂಬುದು ನಂತರದವರಿಗೆ ಗೊತ್ತಿತ್ತು, ಅಷ್ಟೆ. ಗೊತ್ತಿದ್ದರೆ ಕಣ್ಣು ಹೋಲಿಕೆಗಳನ್ನೇ ಹುಡುಕುತ್ತದೆ. ಅದಕ್ಕೆ ಈಗ ಒಳ್ಳೆಯ ಲ್ಯಾಬುಗಳಲ್ಲಿ ಘಟನಾ ಸ್ಥಳದ ಗುರುತನ್ನು ಮೊದಲು ಪೂರ್ತಿ ವಿಶ್ಲೇಷಿಸಿ ಬರೆದಿಟ್ಟು, ಆಮೇಲಷ್ಟೇ ಶಂಕಿತರ ಮಾದರಿ ತೆರೆಯುತ್ತಾರೆ. ತನಿಖಾಧಿಕಾರಿ ಫೋನು ಮಾಡಿ "ಇವನೇ ಮಾಡಿದ್ದು ಸರ್, ಒಪ್ಪಿಕೊಂಡಿದ್ದಾನೆ" ಎಂದು ಕಥೆ ಶುರು ಮಾಡಿದರೆ ನಯವಾಗಿ ನಿಲ್ಲಿಸಿ.

ಇನ್ನೊಂದು ಮಾತು. ಸಂದರ್ಶನದಲ್ಲಿ ಎಲ್ಲರೂ "ನನಗೆ ಹೆಣ ನೋಡಿದರೆ ಭಯವಿಲ್ಲ" ಎನ್ನುತ್ತಾರೆ. ಹೆಣಕ್ಕೆ ಒಗ್ಗಿಕೊಳ್ಳುತ್ತೇವೆ. ಕಾಡುವುದು ಬೇರೆ. ಪುಟ್ಟ ಫ್ರಾಕು. ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೊಗಳನ್ನು ಒಂದೊಂದಾಗಿ ನೋಡಿ ವಿಂಗಡಿಸಬೇಕಾದ ಡಿಜಿಟಲ್ ವಿಭಾಗದವರ ಪಾಡು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಸೇರುವ ಮೊದಲೇ ಕೇಳಿ, ಅಂಥ ಕೆಲಸದಲ್ಲಿ ಸರದಿ ಬದಲಿಸುತ್ತಾರಾ, ಆಪ್ತಸಮಾಲೋಚಕರು ಇದ್ದಾರಾ? ಕೇಳಿದರೆ ಹೆದರುಪುಕ್ಕಲ ಎಂದುಕೊಳ್ಳುತ್ತಾರೆ ಎಂದು ಸುಮ್ಮನಿರಬೇಡಿ.

ಹೆಜ್ಜೆ 9: ಕಟಕಟೆ

ಎಷ್ಟೇ ಒಳ್ಳೆಯ ಪರೀಕ್ಷೆ ಮಾಡಿದ್ದರೂ ಕೊನೆಗೆ ಅದನ್ನು ವಿಜ್ಞಾನ ಓದದವರ ಮುಂದೆ ಮಾತಿನಲ್ಲಿ ಹೇಳಬೇಕು. ಕಾಲೇಜಿನಲ್ಲಿ ನಾಟಕ, ಚರ್ಚಾಸ್ಪರ್ಧೆ ಏನಾದರೂ ಸರಿ, ನಾಲ್ಕು ಜನರ ಎದುರು ನಿಂತು ಅಭ್ಯಾಸವಿರಲಿ. ಮನೆಯಲ್ಲಿ ದೊಡ್ಡವರಿಗೆ ಡಿಎನ್‌ಎ ಎಂದರೇನು ಎಂದು ಎರಡು ನಿಮಿಷದಲ್ಲಿ ಹೇಳಿ ನೋಡಿ. ಅವರು ತಲೆಯಾಡಿಸಿದರೆ ಸಾಲದು, ತಿರುಗಿ ಹೇಳಬೇಕು.

ಪಾಟೀ ಸವಾಲಿನಲ್ಲಿ ವಕೀಲರು ನಿಮ್ಮನ್ನು ಕೆಣಕುತ್ತಾರೆ. ಅದು ಅವರ ಕೆಲಸ, ವೈಯಕ್ತಿಕವಾಗಿ ತಗೊಳ್ಳಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರ. "ಈ ನಾರು ಆ ಕಂಬಳಿಯದ್ದೇ ತಾನೆ?" ಎಂದರೆ, "ಬಣ್ಣ, ದಪ್ಪ, ರಾಸಾಯನಿಕ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಥದ್ದೇ ಬೇರೆ ಕಂಬಳಿಯಿಂದಲೂ ಬಂದಿರಬಹುದು" ಎನ್ನಿ. ನಿಮ್ಮನ್ನು ಕರೆಸಿದ ಕಡೆಯವರ ಮುಖ ಸಪ್ಪೆಯಾಗಬಹುದು. ಆಗಲಿ. "ಗೊತ್ತಿಲ್ಲ" ಎಂಬ ಪದವನ್ನು ಅಳುಕಿಲ್ಲದೆ ಹೇಳಲು ನನಗಂತೂ ವರ್ಷಗಳೇ ಹಿಡಿದವು.

ಮೊದಲ ಸಾಕ್ಷಿ ಹೇಳಿಕೆಯಿಂದಲೇ ಒಂದು ಪುಸ್ತಕ ಇಡಿ. ಯಾವ ದಿನ, ಯಾವ ಕೋರ್ಟು, ಯಾವ ವಿಷಯ, ಎಷ್ಟು ಹೊತ್ತು, ಯಾವ ಪ್ರಶ್ನೆಗೆ ತಡವರಿಸಿದಿರಿ. ಹತ್ತು ವರ್ಷದ ನಂತರವೂ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು ಇದೇ ಆಗಿರುತ್ತದೆ: "ಇದುವರೆಗೆ ಎಷ್ಟು ಸಲ ತಜ್ಞ ಸಾಕ್ಷಿಯಾಗಿ ಬಂದಿದ್ದೀರಿ?" ಆಗ "ಸುಮಾರು" ಎಂದು ಶುರು ಮಾಡಿದರೆ ಎರಡನೇ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.